ಎರಡನೆಯ ಸಾಲಿನ ಭರ್ಜಿಯವನು

ಕಳೆದ ಮಾರ್ಚ್ ತಿಂಗಳಲ್ಲಿ, ಅಡಿಕೆಯ ಕೆಲಸಗಳೆಲ್ಲ ಮುಗಿದು ಮನೆಯಲ್ಲಿ ಸ್ವಲ್ಪ ಬಿಡುವು ಸಿಕ್ಕಿದ್ದ ಒಂದು ಭಾನುವಾರ, ಶಿವಮೊಗ್ಗದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಐದಾರು ಗೆಳೆಯರನ್ನು ಕರೆದುಕೊಂಡು ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಬಂದಿದ್ದ. ಮಲೆನಾಡಿನ ಹಳೆಯ ಕಾಲದ ಯೋಧರ ಕಾಳಗವನ್ನು ಕಾಲೇಜಿನ ಮೈದಾನದಲ್ಲಿ ಆಡಿ ತೋರಿಸಬೇಕೆಂಬುದು ಅವರ ಆಸೆ. ಕೆಲಸದ ನಿಮಿತ್ತ ಇಂಗ್ಲೆಂಡಿನಲ್ಲಿದ್ದ ವರ್ಷಗಳಲ್ಲಿ ನಾನು ಅಂಥದ್ದೊಂದು ತಂಡದಲ್ಲಿ ಮೂರು ವರ್ಷ ಅಭ್ಯಾಸ ಮಾಡಿದ್ದೆನೆಂಬುದು ಅವನಿಗೆ ಗೊತ್ತಿತ್ತು. ಕಾಫಿ ಲೋಟ ಕೆಳಗಿಡುವ ಮೊದಲೇ ಅವನು ಕೇಳಿದ ಪ್ರಶ್ನೆ: "ಮಾವ, ಕತ್ತಿ ಎಲ್ಲಿ ಮಾಡಿಸೋದು?" ಕತ್ತಿ ಕಡೆಯದು, ಮೊದಲು ಕೈಗವಸು ಹೊಲಿಸಿ ಎಂದು ನಾನು ಹೇಳಿದಾಗ ಹುಡುಗರ ಮುಖಗಳು ಬಾಡಿದವು. ಆ ದಿನ ಹೊತ್ತು ಸಾಲದೆ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮಧ್ಯಯುಗದ ಕಾಳಗವನ್ನು ಮತ್ತೆ ಆಡುವ ಈ ಹವ್ಯಾಸದಲ್ಲಿ ಹಲವು ಬಗೆಗಳಿವೆ. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಆರಂಭವಾದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ' ಎಂಬ ಸಂಘದವರು ಲೋಹದ ಬದಲು ಸುಮಾರು 32 ಮಿಲಿಮೀಟರ್ ದಪ್ಪದ ಬೆತ್ತವನ್ನು ಕತ್ತಿಯಾಗಿ ಹಿಡಿದು, ನಿಜವಾದ ಬಲ ಹಾಕಿಯೇ ಹೊಡೆದಾಡುತ್ತಾರೆ. ಬಿದಿರಿನ ಬದಲು ಬೆತ್ತವೇ ಏಕೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ; ಬಿದಿರು ಒಡೆದರೆ ಸಿಬಿರು ಏಳುತ್ತದೆ, ಅದು ಶಿರಸ್ತ್ರಾಣದ ಸಂದಿನಿಂದ ಕಣ್ಣಿಗೆ ನುಗ್ಗಬಲ್ಲದು, ಆದರೆ ಬೆತ್ತ ಎಷ್ಟೇ ಜಜ್ಜಿದರೂ ನಾರುನಾರಾಗಿ ಸಡಿಲವಾಗುತ್ತದೆಯೇ ಹೊರತು ಚೂಪಾಗಿ ಸೀಳುವುದಿಲ್ಲ. ಇನ್ನೊಂದು ಬಗೆ ಪೂರ್ವ ಯುರೋಪಿನಲ್ಲಿ ಬೆಳೆದ ಬುಹರ್ಟ್. ಅಲ್ಲಿ ಉಕ್ಕಿನ ಮೊಂಡು ಆಯುಧ, ಮೈತುಂಬ ಉಕ್ಕಿನ ಕವಚ. ಚುಚ್ಚುವುದಕ್ಕೆ ಮಾತ್ರ ನಿಷೇಧ. ಐವರಿಗೆ ಐವರು ಎದುರಾಗಿ, ಪಾದಗಳೆರಡರ ಹೊರತು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಆ ಯೋಧ ಆಟದಿಂದ ಹೊರಗೆ. ಅದನ್ನು ಕುಸ್ತಿಯ ಅಖಾಡಕ್ಕೆ ಕವಚ ತೊಡಿಸಿದ ಕ್ರೀಡೆಯೆಂದು ತಿಳಿದರೆ ಸಾಕು, ಅದಕ್ಕಿಂತ ಹೆಚ್ಚಿನ ಅನುಭವ ನನಗಿಲ್ಲ.

ನಾನು ಸೇರಿದ್ದು ಮೂರನೆಯ ಬಗೆಯ ತಂಡ. 11ನೆಯ ಶತಮಾನದ ಇಂಗ್ಲೆಂಡಿನ ಉಡುಗೆ, ಅಡುಗೆ, ಆಯುಧಗಳನ್ನು ಸಾಧ್ಯವಾದಷ್ಟು ಆ ಕಾಲದಂತೆಯೇ ಸಿದ್ಧಪಡಿಸಿ, ಜನರ ಎದುರು ಕಾಳಗ ಆಡುವವರು ನಾವು. ಕತ್ತಿಗಳು ಉಕ್ಕಿನವೇ, ಆದರೆ ಅಂಚು ಕನಿಷ್ಠ 2 ಮಿಲಿಮೀಟರ್ ದಪ್ಪವಿರಬೇಕು, ತುದಿ ನಾಣ್ಯದಂತೆ ದುಂಡಗಿರಬೇಕು. ತಲೆ, ಕುತ್ತಿಗೆ, ಕೈಬೆರಳು, ಮೊಣಕಾಲುಗಳಿಗೆ ಹೊಡೆಯುವಂತಿಲ್ಲ. ಎದೆ, ಹೊಟ್ಟೆ, ತೋಳು, ತೊಡೆಗೆ ಹೊಡೆಯಬಹುದು, ಅದೂ ಕೊನೆಯ ಗೇಣಿನಲ್ಲಿ ಬಲವನ್ನು ತಡೆದು. ಯಾರು ಯಾರನ್ನು ಕೊಲ್ಲಬೇಕೆಂದು ಮೊದಲೇ ಬರೆದಿಟ್ಟುಕೊಂಡಿರುವುದಿಲ್ಲ. ಏಟು ಬಿದ್ದವನೇ ಬಿದ್ದಿತೆಂದು ಒಪ್ಪಿಕೊಂಡು ನೆಲಕ್ಕೊರಗಬೇಕು. ಹೊಡೆದವನು "ಬಿತ್ತು" ಎಂದು ಕೂಗುವುದು ಅತ್ಯಂತ ಅವಮಾನದ ಕೆಲಸವೆಂದು ಅಲ್ಲಿನವರು ತಿಳಿಯುತ್ತಾರೆ. ಈ ಒಂದು ನಡತೆಯೇ ಇಡೀ ಆಟದ ಆಧಾರ; ಅದಿಲ್ಲದಿದ್ದರೆ ಐದು ನಿಮಿಷದಲ್ಲಿ ಜಗಳವೇ ಆಗುತ್ತದೆ. ಹುಡುಗರಿಗೆ ನಾನು ಮೊದಲ ದಿನವೇ ಹೇಳಿದ ಮಾತೂ ಇದೇ.

ಯೋಧರ ಪಾತ್ರಗಳ ವಿಷಯಕ್ಕೆ ಬಂದರೆ, ಹೊಸಬರೆಲ್ಲರ ಕಣ್ಣೂ ಕತ್ತಿಯವನ ಮೇಲಿರುತ್ತದೆ. ಆದರೆ ಮೈದಾನದಲ್ಲಿ ಸಾಲು ನಿಲ್ಲುವುದು ಗುರಾಣಿಯವರಿಂದ. ನಮ್ಮ ತಂಡದ ದುಂಡು ಗುರಾಣಿ ಸುಮಾರು 85 ಸೆಂಟಿಮೀಟರ್ ಅಡ್ಡಳತೆಯದು, ತೂಕ ನಾಲ್ಕು ಕಿಲೋ. ಪ್ಲೈವುಡ್ ಹಲಗೆಯ ಅಂಚಿಗೆ ಹಸಿತೊಗಲು ಹೊಲಿದು ಒಣಗಿಸಿ, ನಡುವೆ ಮುಷ್ಟಿಯ ರಕ್ಷಣೆಗೆ ಕಬ್ಬಿಣದ ಬಟ್ಟಲು ಕೂರಿಸಿರುತ್ತಿದ್ದರು. ಗಾತ್ರವನ್ನು ಕಲ್ಪನೆಯಿಂದ ಇಟ್ಟುಕೊಂಡದ್ದಲ್ಲ; ನಾರ್ವೆಯ ಗೋಕ್ಸ್ಟಾಡ್ ಎಂಬಲ್ಲಿ 1880ರಲ್ಲಿ ಅಗೆದು ತೆಗೆದ ಹಡಗಿನೊಂದಿಗೆ 64 ಗುರಾಣಿಗಳಿದ್ದವು, ಅವುಗಳ ಅಡ್ಡಳತೆ 94 ಸೆಂಟಿಮೀಟರ್ ಆಸುಪಾಸು. ಎಡಗೈಯಲ್ಲಿ ಹಿಡಿದ ಗುರಾಣಿ ಹಿಡಿದವನ ಎಡಭಾಗವನ್ನೂ ಅವನ ಎಡಬದಿಗೆ ನಿಂತವನ ಬಲಭಾಗವನ್ನೂ ಕಾಯುತ್ತದೆ. ಅಂದರೆ ಸಾಲಿನಲ್ಲಿ ಪ್ರತಿಯೊಬ್ಬನ ಅರ್ಧ ಮೈ ಪಕ್ಕದವನ ಕೈಯಲ್ಲಿರುತ್ತದೆ. ಹೀಗಾಗಿ ಭಯವಾದಾಗ ಎಲ್ಲರೂ ತಮಗರಿವಿಲ್ಲದೆ ಬಲಕ್ಕೆ ಸರಿಯುತ್ತಾರೆ, ಇಡೀ ಸಾಲೇ ಬಲಕ್ಕೆ ಜಾರುತ್ತದೆ. ಕ್ರಿಸ್ತಪೂರ್ವ 418ರ ಮಾಂಟಿನಿಯ ಯುದ್ಧವನ್ನು ವರ್ಣಿಸುವಾಗ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಇದನ್ನೇ ಗುರುತಿಸಿದ್ದಾನೆ. ಆ ಮಾತನ್ನು ಓದುವ ಮೊದಲೇ ನಾನು ಅದನ್ನು ಮೈದಾನದಲ್ಲಿ ಕಂಡಿದ್ದೆ. ಅಭ್ಯಾಸ ಆರಂಭಿಸಿದ ಜಾಗದಿಂದ ಹತ್ತು ಹೆಜ್ಜೆ ಬಲಕ್ಕಿದ್ದ ಬೇಲಿಗೆ ನಾವು ಹೋಗಿ ತಾಗಿದ್ದೆವು.

ಗುರಾಣಿಯವರ ಬೆನ್ನಿಗೆ ಎರಡನೆಯ ಸಾಲಿನಲ್ಲಿ ನಿಲ್ಲುವವನು ಭರ್ಜಿಯವನು. ನಾನು ಮೂರು ವರ್ಷವೂ ನಿಂತದ್ದು ಅಲ್ಲಿಯೇ. ಎಂಟು ಅಡಿ ಉದ್ದದ ಭರ್ಜಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಮುಂದಿನವರಿಬ್ಬರ ಭುಜಗಳ ನಡುವಿನ ಸಂದಿನಿಂದ ಎದುರು ಸಾಲಿನವನ ಹೊಟ್ಟೆಗೋ ತೊಡೆಗೋ ಮುಟ್ಟಿಸುವುದು ಅವನ ಕೆಲಸ. ನೋಡುವವರಿಗೆ ಅವನು ಕಾಣುವುದೇ ಇಲ್ಲ. ಆದರೆ ಆಟ ಮುಗಿದ ಮೇಲೆ ಯಾರು ಯಾರಿಂದ ಬಿದ್ದರೆಂದು ಕೂತು ಮಾತಾಡಿದಾಗಲೆಲ್ಲ, ಬಿದ್ದವರಲ್ಲಿ ಹೆಚ್ಚಿನವರು ತಾವು ನೋಡದಿದ್ದ ಯಾವುದೋ ಭರ್ಜಿಯಿಂದಲೇ ಬಿದ್ದಿರುತ್ತಿದ್ದರು. ಕತ್ತಿಯವನು ಎದುರಿಗಿರುವವನೊಬ್ಬನನ್ನು ಮಾತ್ರ ಮುಟ್ಟಬಲ್ಲ. ಭರ್ಜಿಯವನು ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು, ಎದುರಿನವನೊಬ್ಬ, ಹೀಗೆ ಐದು ಜನರನ್ನು ಮುಟ್ಟಬಲ್ಲ. ನನಗೆ ಈ ಕೆಲಸ ಬೇಗ ಒಗ್ಗಿತು, ಅದಕ್ಕೆ ಕಾರಣ ಅಡಿಕೆ ತೋಟದ ದೋಟಿ, ಅಂದರೆ ಗೊನೆ ಕೊಯ್ಯುವ ಉದ್ದನೆಯ ಕೋಲು. ಮರದ ಮೇಲೆ ಕೂತು ಅಡಿಕೆ ಗೊನೆ ಇಳಿಸುವ ಕೊನೆಗೌಡ ಪಕ್ಕದ ಮರದ ಗೊನೆಗೆ ದೋಟಿ ಚಾಚುವಾಗ ಅವನ ಕಣ್ಣು ಕೈಯ ಮೇಲಿರುವುದಿಲ್ಲ, ತುದಿಯ ಮೇಲಿರುತ್ತದೆ. ಉದ್ದದ ಕೋಲು ತೂಗುವ ರೀತಿ ಅಂಗೈಗೆ ಗೊತ್ತಿರುತ್ತದೆ. ಚಿಕ್ಕಂದಿನಲ್ಲಿ ನೆಲದ ಮೇಲೆ ನಿಂತು ಮಾವು ಕೀಳಲು ದೋಟಿ ಆಡಿಸಿದ್ದ ಅಭ್ಯಾಸವೇ ಅಷ್ಟು ದೂರದ ನೆಲದಲ್ಲಿ ನನ್ನ ಕೈಗೆ ಬಂತು.

ಭರ್ಜಿಯವನಿಗೆ ಗುರಾಣಿಯಿಲ್ಲ. ಅವನ ಗುರಾಣಿ ಮುಂದೆ ನಿಂತಿರುವ ಮನುಷ್ಯ. ಆದ್ದರಿಂದ ಮುಂದಿನವನು ಬಿದ್ದ ಕ್ಷಣದಲ್ಲಿ ಅವನು ಏನು ಮಾಡುತ್ತಾನೆಂಬುದರ ಮೇಲೆ ಸಾಲು ಉಳಿಯುವುದೂ ಒಡೆಯುವುದೂ ನಿಂತಿದೆ. ಸೊಂಟದ ಕಠಾರಿಯನ್ನೋ ಗಿಡ್ಡ ಕತ್ತಿಯನ್ನೋ ಹಿರಿದು, ಬಿದ್ದವನ ಗುರಾಣಿ ಸಿಕ್ಕರೆ ಅದನ್ನೆತ್ತಿಕೊಂಡು, ಆ ಬಿರುಕನ್ನು ತಾನೇ ತುಂಬಬೇಕು. ನಾನು ಮೊದಲ ಬಾರಿ ಇಂಥ ಸ್ಥಿತಿಯಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟಿದ್ದೆ. ನಮ್ಮ ಎಡಬದಿಯ ಏಳು ಜನ ಅರ್ಧ ನಿಮಿಷದಲ್ಲಿ ನೆಲದ ಮೇಲಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಸಂಜೆ ತಂಡದ ಹಿರಿಯರೊಬ್ಬರು ಅದೇ ಜಾಗದಲ್ಲಿ ನನ್ನನ್ನು ನಿಲ್ಲಿಸಿ, ಇಪ್ಪತ್ತು ಸಲ ಮುಂದಕ್ಕೆ ಹೆಜ್ಜೆ ಇಡಿಸಿದರು.

ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೇಸ್ಟಿಂಗ್ಸ್ ಯುದ್ಧದ ಮರುನಟನೆ ಆ ಯುದ್ಧ ನಡೆದ ಇಳಿಜಾರಿನಲ್ಲೇ, ಬ್ಯಾಟಲ್ ಎಂಬ ಊರಿನ ಮಠದ ಬಯಲಿನಲ್ಲಿ ಆಗುತ್ತದೆ. 1066ರ ಅಕ್ಟೋಬರ್ 14ರಂದು, ಫ್ರಾನ್ಸಿನ ಕಡೆಯಿಂದ ದಂಡೆತ್ತಿ ಬಂದ ನಾರ್ಮನ್ನರ ಎದುರು ಇಂಗ್ಲಿಷರು ಆ ದಿಬ್ಬದ ಮೇಲೆ ಬೆಳಗಿನಿಂದ ಮುಸ್ಸಂಜೆಯವರೆಗೆ ಗುರಾಣಿಗೆ ಗುರಾಣಿ ಒತ್ತಿ ನಿಂತಿದ್ದರು. ಓಡುವಂತೆ ತೋರಿದ ನಾರ್ಮನ್ನರನ್ನು ಅಟ್ಟಿಕೊಂಡು ಇಳಿದವರು ಸುತ್ತುವರಿದು ಹತರಾದರೆಂದು ಆ ಕಾಲಕ್ಕೆ ಹತ್ತಿರದ ಬರಹಗಳು ಹೇಳುತ್ತವೆ. ಆ ಯುದ್ಧದ ಕಥೆಯನ್ನು ಬಟ್ಟೆಯ ಮೇಲೆ ಹೊಲಿದು ತೋರಿಸಿದ, ಸುಮಾರು 70 ಮೀಟರ್ ಉದ್ದದ ಬಾಯೋ ಕಸೂತಿಯಲ್ಲಿ ಆ ಸಾಲನ್ನು, ಒಂದರ ಮೇಲೊಂದು ಅಂಚು ಸೇರಿಸಿ ಹಿಡಿದ ಗುರಾಣಿಗಳನ್ನು, ಅವುಗಳ ನಡುವಿನಿಂದ ಹೊರಚಾಚಿದ ಭರ್ಜಿಗಳನ್ನು ಇಂದಿಗೂ ನೋಡಬಹುದು. ಆ ಇಳಿಜಾರಿನಲ್ಲಿ ನಲವತ್ತು ನಿಮಿಷ ನಿಂತದ್ದಕ್ಕೇ ನನ್ನ ತೋಳುಗಳು ಸೋತಿದ್ದವು. ಇಡೀ ಹಗಲು ನಿಂತವರ ಬಗ್ಗೆ ಅಂದಿನಿಂದ ನನಗಿರುವ ಗೌರವ ಪುಸ್ತಕದಿಂದ ಬಂದದ್ದಲ್ಲ.

ಉಳಿದ ಪಾತ್ರಗಳನ್ನು ಚುಟುಕಾಗಿ ಹೇಳಬಹುದು. ಉದ್ದ ಹಿಡಿಯ ಡೇನ್ ಕೊಡಲಿಯವರು ಎದುರಿನ ಗುರಾಣಿಯ ಅಂಚಿಗೆ ಕೊಡಲಿ ಸಿಕ್ಕಿಸಿ ಕೆಳಗೆಳೆಯುತ್ತಾರೆ, ತೆರೆದ ಜಾಗಕ್ಕೆ ಭರ್ಜಿಯವನು ಚುಚ್ಚುತ್ತಾನೆ. ಅವರಿಬ್ಬರೂ ಜೋಡಿಯಾಗಿ ಕಲಿಯಬೇಕು. ಬಿಲ್ಲುಗಾರರ ಬಾಣಗಳಿಗೆ ರಬ್ಬರಿನ ದಪ್ಪ ತುದಿ, ಬಿಲ್ಲಿನ ಬಿಗಿಯೂ ಕಡಿಮೆ. ನಾಯಕನಿಗೆ ಮುಖ ಮುಚ್ಚದ ಶಿರಸ್ತ್ರಾಣವೇ ಬೇಕು, ಏಕೆಂದರೆ ಅವನ ಆಯುಧ ಅವನ ದನಿ. ನಿಯಮ ನೋಡಿಕೊಳ್ಳುವವರು "ನಿಲ್ಲಿ" ಎಂದು ಕೂಗಿದೊಡನೆ ಎತ್ತಿದ ಕೈ ಎತ್ತಿದಲ್ಲೇ ನಿಲ್ಲಬೇಕು. ನೀರು ಕೊಡುವವರನ್ನಂತೂ ನಾನು ಯೋಧರ ಲೆಕ್ಕದಲ್ಲೇ ಹಿಡಿಯುತ್ತೇನೆ. ಇಂಗ್ಲೆಂಡಿನ ತಂಪಿನಲ್ಲೇ ಕವಚದೊಳಗೆ ಬೆವರಿ ಕುಸಿದವರನ್ನು ಕಂಡಿದ್ದೇನೆ. ಶಿವಮೊಗ್ಗದ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಆಡಲೇಬಾರದು, ಡಿಸೆಂಬರ್ ಜನವರಿಯಲ್ಲಿ ಆಡುವುದಾದರೂ ಉಪ್ಪು ಬೆರೆಸಿದ ಮಜ್ಜಿಗೆಯ ಕೊಡಗಳು ಮೈದಾನದ ಎರಡೂ ಬದಿಯಲ್ಲಿರಬೇಕು.

ಇನ್ನು ತೊಡುವ ಸಾಮಗ್ರಿ. ಮೊದಲನೆಯದು ಗ್ಯಾಂಬೆಸನ್. ಬಟ್ಟೆಯ ಹತ್ತಾರು ಪದರಗಳನ್ನು ಸೇರಿಸಿ ಒತ್ತೊತ್ತಾಗಿ ಹೊಲಿದ ಮೊಣಕಾಲುದ್ದದ ಅಂಗಿ ಅದು. ನಮ್ಮ ಕೌದಿಗೆ ತೋಳು ಇಟ್ಟರೆ ಅದೇ ಆಗುತ್ತದೆ, ಹಾಗಾಗಿ ಹುಡುಗರೊಂದಿಗೆ ಮಾತಾಡುವಾಗ ನಾನು ಕೌದಿ ಅಂಗಿಯೆಂದೇ ಕರೆಯುತ್ತೇನೆ. ಏಟಿನ ಬಲವನ್ನು ಹೀರಿಕೊಳ್ಳುವುದು ಈ ಅಂಗಿಯೇ. ಅದರ ಮೇಲೆ ತೊಡುವ ಉಕ್ಕಿನ ಉಂಗುರಗಳ ಸರಪಳಿ ಅಂಗಿ ಕತ್ತಿಯ ಅಲಗು ಮೈಗೆ ಇಳಿಯದಂತೆ ತಡೆಯುತ್ತದೆಯೇ ಹೊರತು ಮೂಳೆಗೆ ಬೀಳುವ ಪೆಟ್ಟನ್ನು ತಡೆಯುವುದಿಲ್ಲ. ಒಂದೊಂದು ಉಂಗುರವೂ ನಾಲ್ಕು ಉಂಗುರಗಳಿಗೆ ಕೊಂಡಿಯಾಗಿರುವ ಆ ಅಂಗಿಯ ತೂಕ ಹನ್ನೊಂದು ಕಿಲೋ, ಅಷ್ಟೂ ಭಾರ ಭುಜದ ಮೇಲೆ. ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿ, ಅಂಗಿಯನ್ನು ಸ್ವಲ್ಪ ಮೇಲಕ್ಕೆಳೆದು ಪಟ್ಟಿಯ ಮೇಲೆ ಜೋಲಲು ಬಿಟ್ಟರೆ ಭಾರದ ಒಂದು ಪಾಲು ಸೊಂಟಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಯಾರಾದರೂ ಹೇಳಿಕೊಡದಿದ್ದರೆ ಒಂದು ತಿಂಗಳು ಕತ್ತು ನೋವಿನಲ್ಲೇ ಕಳೆಯುತ್ತದೆ.

ಊರಿಗೆ ಮರಳುವಾಗ ನಾನು ಆ ಸರಪಳಿ ಅಂಗಿಯನ್ನು ತಂದಿದ್ದೆ. ಆಗುಂಬೆಯ ಮಳೆ ನಮ್ಮ ಊರಿನ ಬೆನ್ನಿಗೇ ಇದೆ. ಟ್ರಂಕಿನಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದ ಅಂಗಿ ಒಂದೇ ಮಳೆಗಾಲದಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಯುರೋಪಿನಲ್ಲಿ ಹಿಂದೆ ಇಂಥ ಅಂಗಿಯನ್ನು ಮರಳಿನೊಂದಿಗೆ ಪೀಪಾಯಿಯಲ್ಲಿ ಹಾಕಿ ಉರುಳಿಸಿ ತುಕ್ಕು ತೆಗೆಯುತ್ತಿದ್ದರು. ನಾನು ಒಣಗಿದ ಹೊಳೆಮರಳನ್ನು ಗೋಣಿಚೀಲಕ್ಕೆ ತುಂಬಿ, ಅಂಗಿಯನ್ನು ಅದರೊಳಗಿಟ್ಟು ಬಾಯಿ ಕಟ್ಟಿ, ತೋಟದ ಕೆಲಸಕ್ಕೆ ಬರುವವರೊಬ್ಬರ ಜೊತೆ ಎರಡು ಗಂಟೆ ಹೊತ್ತು ಆ ತುದಿ ಈ ತುದಿ ಹಿಡಿದು ಅಲ್ಲಾಡಿಸಿದೆ. ಬೂದುಬಣ್ಣದ ಹೊಳಪು ಮರಳಿತು. ಈಗ ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಮಳೆಗಾಲದುದ್ದಕ್ಕೂ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಕಂಬಳಿಗಳು ಒಣಗುವ ಜಾಗದಲ್ಲಿ ಇಡುತ್ತೇನೆ. ಉಕ್ಕಿನ ಕವಚವನ್ನು ಇಟ್ಟುಕೊಳ್ಳಬಯಸುವ ಮಲೆನಾಡಿನವರು ಅದರ ಬೆಲೆಗಿಂತ ಮೊದಲು ಈ ಚಾಕರಿಯನ್ನು ಲೆಕ್ಕ ಹಾಕಬೇಕು.

ಶಿರಸ್ತ್ರಾಣದ ಬಗ್ಗೆ ಒಂದೇ ಮಾತು: ಒಳಗಿನ ಮೆತ್ತೆಗೂ ಹೊರಗಿನ ಉಕ್ಕಿಗೂ ನಡುವೆ ಬೆರಳು ಹೋಗುವಷ್ಟು ಜಾಗವಿರಬೇಕು, ಗಲ್ಲದ ಪಟ್ಟಿ ಬಿಗಿಯಾಗಿರಬೇಕು. ಕೈಗವಸಿನ ಬಗ್ಗೆ ಮಾತ್ರ ಹೆಚ್ಚು ಹೇಳಬೇಕಾಗಿದೆ. ನನ್ನ ಎಡಗೈ ಹೆಬ್ಬೆರಳು ಮುರಿದದ್ದು ಎರಡನೆಯ ವರ್ಷದ ಬೇಸಗೆಯಲ್ಲಿ. ಭರ್ಜಿಯ ಮೇಲೆ ಮುಂದಿರುವ ಕೈ ಎಡಗೈ. ಎದುರಿನವರು ಭರ್ಜಿಯನ್ನು ಬದಿಗೊತ್ತಲು ಬೀಸಿದ ಕತ್ತಿ ಕೋಲಿನ ಉದ್ದಕ್ಕೂ ಜಾರಿ ಬಂದು ಬೆರಳಿಗೆ ತಾಗಿತು. ಅವರ ತಪ್ಪೇನೂ ಇರಲಿಲ್ಲ. ನಾನು ತೊಟ್ಟಿದ್ದು ಹೆಬ್ಬೆರಳಿನ ಬೆನ್ನಿಗೆ ಯಾವ ರಕ್ಷಣೆಯೂ ಇಲ್ಲದ ತೆಳು ತೊಗಲಿನ ಗವಸು. ಆರು ವಾರ ಕೈಗೆ ಪಟ್ಟಿ, ಈಗಲೂ ಚಳಿಯ ಬೆಳಗಿನಲ್ಲಿ ಅಡಿಕೆ ಸುಲಿಯುವಾಗ ಆ ಗೆಣ್ಣು ನೋಯುತ್ತದೆ. ಬೆರಳುಗಳು ಬಿಡಿಬಿಡಿಯಾಗಿರುವ ಗವಸಿಗಿಂತ ನಾಲ್ಕು ಬೆರಳೂ ಒಂದೇ ಚೀಲದಲ್ಲಿರುವ, ಬೆನ್ನಿಗೆ ದಪ್ಪ ತೊಗಲಿನ ಪಟ್ಟಿಗಳಿರುವ ಗವಸು ಹೆಚ್ಚು ಭದ್ರ. ಬಳೆ ಹಿಡಿದಷ್ಟು ನಾಜೂಕಾಗಿ ಕತ್ತಿ ಹಿಡಿಯಲು ಅದರಿಂದಾಗದು, ಆದರೆ ಬೆರಳು ಉಳಿಯುತ್ತದೆ.

ಕಾಲಿನ ರಕ್ಷಣೆಯನ್ನು ಎಲ್ಲರೂ ಕಡೆಗಣಿಸುತ್ತಾರೆ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ವಿಸ್ಬಿ ಊರಿನ ಹೊರಗೆ 1361ರ ಜುಲೈ ತಿಂಗಳಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಸೈನ್ಯ ಅಲ್ಲಿನ ರೈತರ ಪಡೆಯನ್ನು ಕೊಚ್ಚಿ ಹಾಕಿತು. ಸತ್ತವರನ್ನು ಕವಚಗಳ ಸಮೇತ ಗುಂಡಿಗಳಲ್ಲಿ ಹೂಳಿದ್ದರಿಂದ, 20ನೆಯ ಶತಮಾನದ ಮೊದಲ ದಶಕಗಳಲ್ಲಿ ನಡೆದ ಉತ್ಖನನದಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಆ ಮೂಳೆಗಳಲ್ಲಿ ಕಂಡ ಗಾಯಗಳಲ್ಲಿ ಬಹಳಷ್ಟು ಮೊಣಕಾಲಿನ ಕೆಳಗಿನವು. ಗುರಾಣಿ ಎದೆಯನ್ನು ಕಾಯುತ್ತಿದ್ದಾಗ ಕತ್ತಿ ಕಾಲನ್ನು ಹುಡುಕಿಕೊಂಡು ಹೋಗಿತ್ತು. ಅಲ್ಲಿ ಮಡಿದವರಲ್ಲಿ ಎಳೆಯ ಹುಡುಗರೂ ವಯಸ್ಸಾದವರೂ ಇದ್ದರೆಂಬುದನ್ನು ಓದಿದ ಮೇಲೆ, ಮೈದಾನದಲ್ಲಿ ಸತ್ತಂತೆ ಮಲಗುವಾಗ ಗೆಳೆಯರೊಂದಿಗೆ ಮಾತಾಡುವ ಅಭ್ಯಾಸವನ್ನು ನಾನು ಬಿಟ್ಟೆ.

ಏಪ್ರಿಲ್ ತಿಂಗಳಲ್ಲಿ ಹುಡುಗರನ್ನು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ವೀರಗಲ್ಲುಗಳ ಕೆಳಗಿನ ಹಂತವನ್ನು ಮಾತ್ರ ನೋಡಿ ಎಂದು ಹೇಳಿದೆ. ಮೇಲಿನ ಹಂತದಲ್ಲಿ ವೀರ ಶಿವಲಿಂಗದ ಸನ್ನಿಧಿಯಲ್ಲಿರುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಒಯ್ಯುತ್ತಿರುತ್ತಾರೆ, ಕೆಳಗಿನದರಲ್ಲಿ ಕಾಳಗ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರೂರಿನಲ್ಲಿ ಇಂಥ ಕಲ್ಲುಗಳಿವೆ. ತುರುಗಳನ್ನು ಮರಳಿಸಿ ಸತ್ತವರು, ಊರು ಕಾಯುತ್ತ ಸತ್ತವರು ಅವುಗಳಲ್ಲಿ ನಿಂತಿದ್ದಾರೆ. ನಾನು ನೋಡಿರುವ ಬಹುಪಾಲು ಕಲ್ಲುಗಳಲ್ಲಿ ವೀರನ ಮೈ ಬರಿದಾಗಿದೆ, ತುರುಬು ಕಟ್ಟಿದೆ, ಕೈಯಲ್ಲಿ ಕತ್ತಿ ಮತ್ತು ಚಿಕ್ಕ ಗುರಾಣಿ, ಇಲ್ಲವೇ ಬಿಲ್ಲು. ಹಳಗನ್ನಡದಲ್ಲಿ ಹರಿಗೆ ಎಂದು ಕರೆದದ್ದು ಗುರಾಣಿಯನ್ನೇ.

ಒಬ್ಬ ಹುಡುಗ ಕೇಳಿದ ಪ್ರಶ್ನೆ ಚೆನ್ನಾಗಿತ್ತು: "ಸರ್, ಇಷ್ಟು ಸಣ್ಣ ಗುರಾಣಿ ಮೈಯನ್ನು ಹೇಗೆ ಮುಚ್ಚುತ್ತೆ?" ಅದು ಮೈಯನ್ನು ಮುಚ್ಚಲು ಇರುವುದಲ್ಲ. ಯುರೋಪಿನಲ್ಲಿ ಉಳಿದಿರುವ ಕತ್ತಿವರಸೆಯ ಕೈಪಿಡಿಗಳಲ್ಲಿ ಅತ್ಯಂತ ಹಳೆಯದು, 1300ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಸಿದ್ಧವಾದದ್ದು, ಈಗ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಅದರ ತುಂಬ ಕತ್ತಿ ಮತ್ತು ಚಿಕ್ಕ ಗುರಾಣಿಯ ಪಾಠಗಳೇ. ಪಾದ್ರಿಯೊಬ್ಬ ಶಿಷ್ಯನಿಗೆ ಕಲಿಸುತ್ತಾನೆ, ಕೊನೆಯಲ್ಲಿ ವಾಲ್ಪುರ್ಗಿಸ್ ಎಂಬ ಹೆಂಗಸೂ ಕತ್ತಿ ಹಿಡಿದು ನಿಲ್ಲುತ್ತಾಳೆ. ಅಲ್ಲಿ ಚಿಕ್ಕ ಗುರಾಣಿಯನ್ನು ತೋಳು ಚಾಚಿ ಮುಂದೆ ಹಿಡಿದು, ಹೊಡೆಯಲು ಮುಂದಾದ ತನ್ನ ಕತ್ತಿಯ ಕೈಯನ್ನು ಕಾಯಲಾಗುತ್ತದೆ. ನಮ್ಮ ಶಿಲ್ಪಿಯೂ ಆ ಗುರಾಣಿಯನ್ನು ವೀರನ ಎದೆಗೊತ್ತಿ ಕೆತ್ತದೆ, ಮುಂದೆ ಚಾಚಿ ಕೆತ್ತಿರುವುದನ್ನು ಹುಡುಗರಿಗೆ ತೋರಿಸಿದೆ. ಎರಡು ನಾಡುಗಳ ನಡುವೆ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ; ಕೈ ಒಂದೇ ಆದ್ದರಿಂದ ಅದನ್ನು ಉಳಿಸಿಕೊಳ್ಳುವ ದಾರಿಯೂ ಒಂದೇ ಆಯಿತು. ಶಿಲ್ಪಿಗೆ ಜಾಗ ಕಡಿಮೆ, ಅವನು ವೀರನೊಬ್ಬನನ್ನು ದೊಡ್ಡದಾಗಿ ಕೆತ್ತಿ ಅವನ ಪಕ್ಕದವರನ್ನು ಬಿಟ್ಟಿದ್ದಾನೆ. ಆ ಕಲ್ಲನ್ನು ನೋಡಿ ಕಾಳಗ ಕಟ್ಟುವವರು, ಕಲ್ಲಿನಲ್ಲಿಲ್ಲದ ಆ ಪಕ್ಕದವರನ್ನು ಮೊದಲು ಹುಡುಕಿಕೊಳ್ಳಬೇಕು.

ಯಾವ ಕಾಲವನ್ನು ಆಡಬೇಕೆಂಬ ಚರ್ಚೆಯಲ್ಲಿ ಹುಡುಗರ ಒಲವು ಕೆಳದಿಯ ಕಡೆಗಿತ್ತು. ಆದರೆ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಾಲಕ್ಕೆ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೆದುರಿಸಿದ ಚೆನ್ನಮ್ಮಾಜಿಯ ಕಾಲಕ್ಕೆ ದಕ್ಷಿಣದ ಯುದ್ಧಗಳಲ್ಲಿ ಬಂದೂಕು, ಫಿರಂಗಿಗಳು ನೆಲೆಯೂರಿದ್ದವು. ಕತ್ತಿ ಗುರಾಣಿಗಳನ್ನಷ್ಟೇ ಹಿಡಿದು ಕೆಳದಿಯ ಸೈನ್ಯವೆಂದು ತೋರಿಸಿದರೆ ಅದು ಅರ್ಧಸತ್ಯವಾಗುತ್ತದೆ. 11, 12ನೆಯ ಶತಮಾನದ ಬಳ್ಳಿಗಾವಿಯ ಸುತ್ತಿನ ಊರುಗಳಲ್ಲಿ ನಡೆದ ಒಂದು ತುರುಗೋಳನ್ನು, ಅಂದರೆ ದನಗಳನ್ನು ಹಿಡಿದೊಯ್ಯುವ ದಾಳಿಯನ್ನು, ಆರಿಸಿಕೊಳ್ಳಿ, ಸಾಕ್ಷಿಗೆ ಕಲ್ಲುಗಳೇ ಇವೆ ಎಂದು ನಾನು ಸೂಚಿಸಿದೆ. ಎರಡು ದಿನ ವಾದ ಮಾಡಿ ಕೊನೆಗೆ ಒಪ್ಪಿದರು. ಅಕ್ಕನ ಮಗ ತುರು ಕಾಯುವವರ ಎರಡನೆಯ ಸಾಲಿನಲ್ಲಿ ಭರ್ಜಿ ಹಿಡಿಯುತ್ತೇನೆಂದು ತಾನಾಗಿಯೇ ಹೇಳಿದ. ವೀರಗಲ್ಲಿನಲ್ಲಿ ಕವಚ ಕಾಣದಿದ್ದರೂ ಅಭ್ಯಾಸಕ್ಕೆ ಎಲ್ಲರೂ ಕೌದಿ ಅಂಗಿ ತೊಡಲೇಬೇಕೆಂಬುದು ನನ್ನ ಷರತ್ತು. ಪ್ರದರ್ಶನದ ದಿನ ಬರಿಮೈಯಲ್ಲಿ ಕಾಣಬೇಕೆಂದರೆ ಏಟುಗಳನ್ನು ಮೊದಲೇ ಗೊತ್ತುಮಾಡಿ, ನಿಧಾನವಾಗಿ ಆಡಬೇಕು.

ಈಗ ಮಳೆ ಹಿಡಿದಿದೆ. ಹಳೆಯ ಹತ್ತಿ ಸೀರೆಗಳು, ಪಂಚೆಗಳಿಂದ ನಾಲ್ಕು ಕೌದಿ ಅಂಗಿಗಳು ಸಿದ್ಧವಾಗಿವೆ. ಬೆತ್ತದ ಪೀಠೋಪಕರಣ ಮಾಡುವವರಿಂದ ಹನ್ನೆರಡು ತುಂಡು ದಪ್ಪ ಬೆತ್ತ ಕೊಂಡು ತಂದಿದ್ದಾರೆ. ಗುರಾಣಿಗಳು ಆರು, ಗವಸುಗಳು ಎಂಟು ಜೊತೆ. ನಮ್ಮ ಅಡಿಕೆ ಅಂಗಳಕ್ಕೆ ಮಳೆಗಾಲದ ಚಪ್ಪರ ಹಾಕಿಸಿದ್ದೇನೆ, ಭಾನುವಾರಗಳಲ್ಲಿ ಅದರ ಕೆಳಗೆ ಹೆಜ್ಜೆಯ ಅಭ್ಯಾಸ ನಡೆದಿದೆ. ಸಾಲು ಇನ್ನೂ ಬಲಕ್ಕೆ ಜಾರುತ್ತಿದೆ. ಕತ್ತಿ ಮಾಡಿಸಲು ಕಮ್ಮಾರರ ಬಳಿಗೆ ಇದುವರೆಗೆ ಯಾರೂ ಹೋಗಿಲ್ಲ.